ಕಟ್ಟಿದ ಗಂಟಲು

ಫೆಬ್ರವರಿ ೧೧

ಅತ್ತೆಯವರಿಗೆ,

ಸೊಸೆ ಕಾಗದ ಬರೆದಿದ್ದಾಳೆ ಎಂದರೆ ಏನೋ ಕೆಟ್ಟ ಸುದ್ದಿ ಇರಬೇಕೆಂದು ಗಾಬರಿಯಾಗಬೇಡಿ. ಕೆಟ್ಟ ಸುದ್ದಿ ನವೆಂಬರಿನಲ್ಲೇ ಮುಗಿದಿದೆ. ಇದು ಬರೀ ಗಂಟಲಿನ ಸುದ್ದಿ.

ಕೆಲಸದ ಹೊತ್ತು ಬಿಟ್ಟರೆ ಬಾಯಿ ಬಿಡಲೇಬೇಡಿ ಎಂದು ಗಂಟಲು ಡಾಕ್ಟರು ಹೇಳಿದ್ದಾರೆ. ಪಿಸುಗುಟ್ಟುವುದೂ ಕೂಡದಂತೆ. ಪಿಸುಮಾತಿಗೆ ಗಂಟಲು ಇನ್ನೂ ಹೆಚ್ಚು ದಣಿಯುತ್ತದಂತೆ. ನಿಮ್ಮ ಜತೆ ಫೋನಿನಲ್ಲಿ ಮಾತಾಡಬೇಕೆಂದರೆ ನಾನು ಹರಾಜಿನಲ್ಲಿ ಕೂಗುವುದಕ್ಕಿಂತ ಜೋರಾಗಿ ಕೂಗಬೇಕು. ಅಷ್ಟು ಕೂಗಿದರೂ ನೀವು ಹೂಂ ಹೂಂ ಎನ್ನುತ್ತಾ ಇನ್ನೇನನ್ನೋ ಕೇಳುತ್ತೀರಿ. ಕಳೆದ ವಾರ ಮಾತ್ರೆ ತಂದೆ ಎಂದು ನಾನು ಮತ್ತೆ ಮತ್ತೆ ಹೇಳಿದ ಮೇಲೆ, ಯಾವ ಬಣ್ಣದ್ದು, ಎಷ್ಟು ಮೀಟರು ಎಂದು ಕೇಳಿದಿರಿ. ಹೊಲಿಯುವವರ ಕಿವಿಗೆ ಎಲ್ಲವೂ ಬಟ್ಟೆಯೇ ಇರಬೇಕು. ಆದ್ದರಿಂದ ಇನ್ನು ಸ್ವಲ್ಪ ದಿನ ಕಾಗದ.

ಡಾಕ್ಟರು ಮೂಗಿನಿಂದ ಸಣ್ಣ ನಳಿಕೆಯೊಂದನ್ನು ಇಳಿಸಿ, "ಈ" ಎನ್ನಿ ಎಂದರು. ಪಕ್ಕದ ಪರದೆಯ ಮೇಲೆ ನನ್ನ ಗಂಟಲು ಕಾಣಿಸಿತು. ಧ್ವನಿಪೆಟ್ಟಿಗೆಯ ಹಿಂಬದಿ ಕೆಂಪಗೆ ಊದಿಕೊಂಡಿದೆ. ಹೊಟ್ಟೆಯ ಹುಳಿ ಮೇಲಕ್ಕೆ ಬಂದು ಅಲ್ಲಿ ಸುಡುತ್ತಿದೆಯಂತೆ. ಎದೆ ಉರಿಯುತ್ತದೆಯೇ ಎಂದು ಕೇಳಿದರು. ಇಲ್ಲ ಎಂದೆ. ಹುಳಿತೇಗು ಬರುತ್ತದೆಯೇ ಎಂದರು. ಅದೂ ಇಲ್ಲ. ಕೆಲವರಿಗೆ ಹೀಗೇ, ಎದೆಗೆ ಏನೂ ಗೊತ್ತಾಗುವುದಿಲ್ಲ, ಗಂಟಲು ಮಾತ್ರ ಹಾಳಾಗುತ್ತಾ ಹೋಗುತ್ತದೆ ಎಂದರು. ಏನೋ ಸಿಕ್ಕಿಕೊಂಡ ಹಾಗಿರುವುದು, ಬೆಳಿಗ್ಗೆ ಸ್ವರ ಹೊರಡದಿರುವುದು, ಎಲ್ಲ ಅದರದ್ದೇ ಕಾಟ. ಮಾತ್ರೆ ಕೊಟ್ಟಿದ್ದಾರೆ, ಪಥ್ಯ ಹೇಳಿದ್ದಾರೆ. ವಾಸಿಯಾಗಲು ತಿಂಗಳುಗಳೇ ಹಿಡಿಯುತ್ತವಂತೆ.

ನೀವು ಕಳಿಸಿದ ನಿಂಬೆ ಪಾಕದ ಬಾಟಲಿ ತಲುಪಿತು. ಇಲ್ಲಿ ಎಲ್ಲ ಇದ್ದ ಹಾಗೇ ಇದೆ.

ನಿಮ್ಮ ಸೊಸೆ


ಫೆಬ್ರವರಿ ೨೦

ಸೊಸೆಗೆ,

ನಿನ್ನ ಕಾಗದ ಬಂತು. ಅಕ್ಷರ ಚೆನ್ನಾಗಿದೆ, ವಿಷಯ ಚೆನ್ನಾಗಿಲ್ಲ.

ಹೊಟ್ಟೆಗೂ ಗಂಟಲಿಗೂ ಎತ್ತಣ ಸಂಬಂಧ? ಆ ಡಾಕ್ಟರಿಗೆ ನಳಿಕೆ ಇಳಿಸುವುದು ಗೊತ್ತು, ಮನುಷ್ಯರ ಸಂಕಟ ಗೊತ್ತಿಲ್ಲ. ಗಂಡ ಹೋಗಿ ಮೂರು ತಿಂಗಳಾದವಳಿಗೆ ಗಂಟಲು ಕಟ್ಟಿದರೆ ಅದಕ್ಕೆ ಗ್ಯಾಸ್ಟ್ರಿಕ್ ಎಂದು ಹೆಸರಿಡುವವನನ್ನು ನಾನು ಇದೇ ಮೊದಲು ಕೇಳುತ್ತಿರುವುದು. ನಾನು ಅಂದು ನೋಡಲಿಲ್ಲವೇ? ಮನೆ ತುಂಬ ಜನ. ನೀನು ಬಾಗಿಲ ಪಕ್ಕ ಗೋಡೆಗೆ ಒರಗಿ ಕುಳಿತಿದ್ದೆ. ಯಾರು ಏನು ಕೇಳಿದರೂ ನಿನ್ನ ಬಾಯಿಂದ ಗಾಳಿ ಬಂತೇ ಹೊರತು ಸ್ವರ ಬರಲಿಲ್ಲ. ನನ್ನ ಕಿವಿ ಹೋಗಿರಬಹುದು, ಕಣ್ಣು ಚೆನ್ನಾಗಿಯೇ ಇದೆ. ನನ್ನ ತಂಗಿ ಪಕ್ಕದಲ್ಲಿದ್ದವಳು ನನ್ನ ಕಿವಿಗೆ ಬಾಯಿಟ್ಟು, "ಪಾಪ, ಅತ್ತು ಅತ್ತು ಗಂಟಲು ಕಟ್ಟಿಕೊಂಡಿದೆ ಕಣೇ" ಅಂದಳು. ಅವತ್ತು ನನಗೆ ಕೇಳಿಸಿದ್ದು ಅದೊಂದೇ ಮಾತು.

ಇಲ್ಲಿ ಅಳತೆ ಕೊಡಲು ಬರುವವರೆಲ್ಲ ವಿಚಾರಿಸುತ್ತಾರೆ. ನನ್ನ ಸೊಸೆ ಹರಾಜು ಕೂಗುವವಳು, ಮಾರುಕಟ್ಟೆಯೇ ನಡುಗುವ ಹಾಗೆ ಕೂಗುತ್ತಿದ್ದಳು, ಈಗ ನನ್ನ ಮಗನಿಗಾಗಿ ಅತ್ತು ಅತ್ತು ಸ್ವರವನ್ನೇ ಕಳೆದುಕೊಂಡಿದ್ದಾಳೆ ಎಂದು ಹೇಳುತ್ತೇನೆ. ಈ ಕಾಲದಲ್ಲೂ ಇಂಥವರಿದ್ದಾರಲ್ಲ ಎಂದು ಲೊಚಗುಟ್ಟುತ್ತಾರೆ. ಅಷ್ಟು ಕೇಳಿ ನಾನು ಮತ್ತೆ ಹೊಲಿಗೆ ಮಿಶನ್ನಿನ ಮುಂದೆ ಕೂರುತ್ತೇನೆ.

ಇನ್ನೆರಡು ಬಾಟಲಿ ಕಳಿಸಿದ್ದೇನೆ. ಈ ಸಲ ಕಾಳುಮೆಣಸು ಜಾಸ್ತಿ ಹಾಕಿದ್ದೇನೆ, ನಿಂಬೆಯೂ ಜಾಸ್ತಿ. ಗಂಟಲಿಗೆ ಚುರುಕು ಮುಟ್ಟಿದರೆ ತಾನಾಗಿ ಬಿಡುತ್ತದೆ. ಮಲಗುವ ಮುಂಚೆ ಒಂದು ಲೋಟ ತಪ್ಪಿಸಬೇಡ.

ನಿನ್ನ ಅತ್ತೆ


ಮಾರ್ಚ್ ೧೪

ಅತ್ತೆ,

ಎರಡು ಬಾಟಲಿಯೂ ಒಡೆಯದೆ ತಲುಪಿದವು. ಕುಡಿಯುತ್ತಿದ್ದೇನೆ.

ಮಂಚದ ತಲೆಯ ಕಡೆಯ ಎರಡು ಕಾಲುಗಳ ಕೆಳಗೆ ಇಟ್ಟಿಗೆ ಇಡಿಸಿದ್ದೇನೆ. ನಗಬೇಡಿ, ಡಾಕ್ಟರು ಹೇಳಿದ್ದು. ದಿಂಬಿನ ಮೇಲೆ ದಿಂಬು ಇಟ್ಟರೆ ಕತ್ತು ಬಾಗುತ್ತದೆಯೇ ಹೊರತು ಹೊಟ್ಟೆ ಇದ್ದಲ್ಲೇ ಇರುತ್ತದೆ, ಮಂಚವೇ ಇಳಿಜಾರಾದರೆ ಹುಳಿ ಮೇಲೆ ಹತ್ತುವುದಿಲ್ಲವಂತೆ. ಎದುರು ಮನೆಯ ಗಾರೆ ಕೆಲಸದವರು ಬಂದು ಇಟ್ಟುಕೊಟ್ಟರು. ಇಷ್ಟು ವರ್ಷ ಎಲ್ಲವನ್ನೂ ಮಟ್ಟ ಮಾಡಿಸಿಕೊಂಡವರನ್ನೇ ನೋಡಿದ್ದೇನೆ, ದುಡ್ಡು ಕೊಟ್ಟು ಸೊಟ್ಟ ಮಾಡಿಸಿಕೊಂಡವರು ನೀವೊಬ್ಬರೇ ಎಂದರು. ಮೊದಲ ವಾರ ಏಳುವ ಹೊತ್ತಿಗೆ ಜಾರಿ ಜಾರಿ ಕಾಲಕಡೆಯ ಹಲಗೆಗೆ ಒತ್ತಿಕೊಂಡಿರುತ್ತಿದ್ದೆ. ಈಗ ಅಭ್ಯಾಸವಾಗಿದೆ. ನಿಮ್ಮ ಮಗ ಮಲಗುತ್ತಿದ್ದ ಅರ್ಧವೂ ಇಳಿಜಾರಾಗಿದೆ. ಅಲ್ಲಿ ಏನಿಟ್ಟರೂ ಉರುಳಿ ಬೀಳುತ್ತದೆ ಎಂದು ಏನೂ ಇಡುತ್ತಿಲ್ಲ.

ಚಹಾ ಬಿಟ್ಟೆ. ಕರಿದದ್ದು ಬಿಟ್ಟೆ. ಒಂದೇ ಸಲ ಹೊಟ್ಟೆ ಬಿರಿಯ ಉಣ್ಣಬಾರದು, ಸ್ವಲ್ಪ ಸ್ವಲ್ಪವೇ ತಿನ್ನಬೇಕು. ನಡುವಿಗೆ ಬಿಗಿಯಾದದ್ದು ಕಟ್ಟಬಾರದು. ಉಂಡ ಮೇಲೆ ಮೂರು ಗಂಟೆ ಅಡ್ಡಾಗುವಂತಿಲ್ಲ. ಆ ಮೂರು ಗಂಟೆ ಏನು ಮಾಡಬೇಕೆಂದು ಡಾಕ್ಟರು ಹೇಳಲಿಲ್ಲ. ಅಡುಗೆಮನೆಯ ಕುರ್ಚಿಯಲ್ಲಿ ಕೂರುತ್ತೇನೆ. ಎದುರಿಗೆ ಗೋಡೆ ಇದೆ.

ಮಾರುಕಟ್ಟೆಯಲ್ಲಿ ನನ್ನದು ಟೊಮೆಟೊ ಸಾಲು ಎಂದು ನಿಮಗೆ ಗೊತ್ತು. ಕೂಗಬಹುದು, ತಿನ್ನುವಂತಿಲ್ಲ. ಟೊಮೆಟೊ, ನಿಂಬೆ, ಖಾರ, ಎಲ್ಲಕ್ಕೂ ಬೇಲಿ. ವಾರದಲ್ಲಿ ಎರಡು ದಿನ ಮಾತ್ರ ಕೂಗುತ್ತೇನೆ. ಉಳಿದ ದಿನ ಆಲೂಗಡ್ಡೆ ಸಾಲಿನವರೇ ನನ್ನ ಸಾಲನ್ನೂ ಕೂಗುತ್ತಾರೆ, ನಾನು ಮೇಜಿನ ಹಿಂದೆ ಕುಳಿತು ಚೀಟಿ ಬರೆಯುತ್ತೇನೆ. ವ್ಯಾಪಾರಿಗಳು ನನ್ನನ್ನು ಮೈಕಮ್ಮ ಎಂದು ಕರೆಯುವುದನ್ನು ಇನ್ನೂ ಬಿಟ್ಟಿಲ್ಲ, ಕೊನೆಗೆ ಒಂದು ನಗು ಸೇರಿಸುತ್ತಾರೆ. ಮೊನ್ನೆ ಒಬ್ಬರು ಬೆಲೆ ಹೇಳಿದ ಹೊತ್ತಿಗೆ ಸರಿಯಾಗಿ ನನಗೆ ಗಂಟಲು ಕೆರೆದು ಕ್ಯಾಕರಿಸಿಬಿಟ್ಟೆ. ತಮ್ಮ ಬೆಲೆಗೆ ಉಗಿಯಲು ಹೊರಟಿದ್ದೇನೆ ಎಂದುಕೊಂಡು ಅವರು ತಕ್ಷಣ ಏರಿಸಿದರು. ಕ್ಯಾಕರಿಸುವುದನ್ನೂ ಬಿಡಬೇಕಂತೆ, ಕೆರೆದಷ್ಟೂ ಹುಣ್ಣಾಗುತ್ತದೆ, ಒಂದು ಗುಟುಕು ನೀರು ನುಂಗಿ ಸುಮ್ಮನಾಗಿ ಎಂದಿದ್ದಾರೆ. ನೀರಿನ ಬಾಟಲಿ ಜತೆಯಲ್ಲೇ ಇರುತ್ತದೆ.

ನಿನ್ನೆ ಮತ್ತೆ ನಳಿಕೆ ಇಳಿಸಿ ನೋಡಿದರು. ಕೆಂಪು ಕಡಿಮೆಯಾಗಿಲ್ಲ, ಹೆಚ್ಚಾಗಿದೆ. ಹೇಳಿದ್ದೆಲ್ಲ ಪಾಲಿಸುತ್ತಿದ್ದೀರಾ, ಬೇರೇನಾದರೂ ತಿಂದು ಕುಡಿದು ಮಾಡುತ್ತಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ.

ನಿಮ್ಮ ಸೊಸೆ


ಏಪ್ರಿಲ್ ೨

ಸೊಸೆಗೆ,

ನಿನ್ನ ಮಂಚದ ಕಥೆಯನ್ನು ನಿನ್ನ ನಾದಿನಿಗೆ ಓದಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಒಳಗೆ ಹೋದಳು. ಕಣ್ಣು ಒರೆಸಿಕೊಂಡು ಬಂದಳೋ ಮುಖ ತೊಳೆದುಕೊಂಡು ಬಂದಳೋ ತಿಳಿಯಲಿಲ್ಲ.

ನಾನೊಂದು ನಿರ್ಧಾರ ಮಾಡಿದ್ದೇನೆ. ಇಲ್ಲಿ ಎಲ್ಲರೂ ಒಳ್ಳೆಯವರೇ. ಮಗಳು ಒಳ್ಳೆಯವಳು, ಅಳಿಯನಂತೂ ಕರೆದ ಕೂಡಲೇ ಎದ್ದು ಬರುತ್ತಾನೆ. ಆದರೆ ನಾನು ಪುಟ್ಟನ ಹೆಸರೆತ್ತಿದರೆ ಟಿವಿಯ ಸದ್ದು ಜೋರು ಮಾಡುತ್ತಾರೆ. ನನಗೆ ಆ ಸದ್ದು ಕೇಳಿಸುವುದಿಲ್ಲ, ಗೋಡೆಯ ಕ್ಯಾಲೆಂಡರ್ ಅದುರುವುದು ಕಾಣಿಸುತ್ತದೆ. ನಲವತ್ತು ದಾಟಿದ ಮಗನನ್ನು ಪುಟ್ಟ ಎನ್ನುತ್ತೇನೆಂದು ಮೊದಲು ನಗುತ್ತಿದ್ದರು, ಈಗ ನಗುವುದೂ ಇಲ್ಲ. ನನಗೆ ಬೇಸರ ಮಾಡಬಾರದೆಂದೇ ಹೀಗೆ ಮಾಡುತ್ತಾರೆ, ಗೊತ್ತು. ಆದರೂ ಈ ಮನೆಯಲ್ಲಿ ಅವನಿಗೆ ಜಾಗವಿಲ್ಲ.

ನಾನು ನಿನ್ನ ಜತೆ ಬಂದಿರುತ್ತೇನೆ. ಮಿಶನ್ನನ್ನೂ ತರುತ್ತೇನೆ. ನಿನ್ನ ಹಜಾರದಲ್ಲಿ ಕಿಟಕಿಯ ಪಕ್ಕ ಹಾಕಿಕೊಂಡರೆ ಬೆಳಕು ಬೀಳುತ್ತದೆ. ಅಲ್ಲಿಯೂ ಹೊಲಿಸುವವರು ಸಿಗದಿರುವುದಿಲ್ಲ. ನಿನಗೆ ಭಾರವಾಗುವುದಿಲ್ಲ. ನಿನ್ನ ಪಥ್ಯಕ್ಕೆ ಏನು ಬೇಕೋ ಬೇಯಿಸಿ ಹಾಕುತ್ತೇನೆ. ನೀನು ಮಾತಾಡಬಾರದು, ನನಗೆ ಕೇಳಿಸದು, ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿ ಸಿಗುತ್ತದೆ?

ನಿನ್ನ ಗಂಟಲು ಕಟ್ಟಿರುವಷ್ಟು ದಿನ ನನ್ನ ಮಗನಿಗಾಗಿ ಅಳುವವಳು ಒಬ್ಬಳಿದ್ದಾಳೆ ಎಂದು ನನಗೆ ಅನ್ನಿಸುತ್ತದೆ. ಅವಳ ಹತ್ತಿರ ಇರಬೇಕು ಅನ್ನಿಸುತ್ತದೆ. ಇಷ್ಟೇ ನನ್ನ ಮನಸ್ಸಿನಲ್ಲಿರುವುದು.

ಜೂನ್ ಹೊತ್ತಿಗೆ ಬರುತ್ತೇನೆ. ಬೇಡ ಅನ್ನುವುದಾದರೆ ಬರೆ. ಬರೆಯುವುದಿಲ್ಲ ಎಂದು ಗೊತ್ತು. ಈ ಪಾರ್ಸೆಲ್ಲಿನಲ್ಲಿ ಇನ್ನೊಂದು ಬಾಟಲಿ ಇದೆ.

ನಿನ್ನ ಅತ್ತೆ


ಏಪ್ರಿಲ್ ೧೯

ಅತ್ತೆ,

ನೀವು ಬರುವ ಮೊದಲು ಒಂದು ವಿಷಯ ಹೇಳಬೇಕು. ಹೇಳಿದ ಮೇಲೆ ನೀವು ಬಾರದೆಯೂ ಇರಬಹುದು. ನೀವು ಬರಬೇಕೆಂದು ನನಗೆ ನಿಜವಾಗಿಯೂ ಆಸೆ ಇದೆ, ಅದಕ್ಕೇ ಹೇಳುತ್ತಿದ್ದೇನೆ. ಬಂದ ಮೇಲೆ ಗೊತ್ತಾದರೆ ಇಬ್ಬರಿಗೂ ಕಷ್ಟ.

ನಾನು ಅತ್ತಿಲ್ಲ. ಅಂದೂ ಅಳಲಿಲ್ಲ, ಆಮೇಲೂ ಅಳಲಿಲ್ಲ. ನಿಮ್ಮ ತಂಗಿ ಹೇಳಿದ್ದು ತಪ್ಪು. ಗಂಟಲು ಅದಕ್ಕೂ ಮೊದಲೇ ಕಟ್ಟಿತ್ತು. ನಿಮ್ಮ ಮಗನೇ ನನ್ನ ಸ್ವರ ಕೇಳಿ, ತುಕ್ಕು ಹಿಡಿದ ಬೀಗದ ಹಾಗಾಗಿದ್ದೀಯ, ಅಂಗಡಿಗೆ ಬಾ, ಎಣ್ಣೆ ಬಿಡುತ್ತೇನೆ ಎಂದು ತಮಾಷೆ ಮಾಡುತ್ತಿದ್ದರು. ಜನ ಬಂದು ಕೈ ಹಿಡಿದುಕೊಂಡಾಗ ನನಗೆ ಸ್ವರ ಹೊರಡಲಿಲ್ಲ, ಅವರು ತಮಗೆ ತಿಳಿದಂತೆ ಅರ್ಥ ಮಾಡಿಕೊಂಡರು. ಇಲ್ಲ, ಇದು ಬೇರೆ ಎಂದು ಹೇಳಲು ಗಂಟಲೇ ಇರಲಿಲ್ಲ. ಆಮೇಲೆ ಹೇಳಬಹುದಿತ್ತು. ಹೇಳಲಿಲ್ಲ.

ಅಳು ಬರಲಿಲ್ಲವೆಂದರೆ ಪ್ರೀತಿ ಇರಲಿಲ್ಲ ಎಂದಲ್ಲ. ಇತ್ತು. ಆದರೆ ಕಾಲಿಗೆ ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿದೆ. ಕಾಲು ಇದೆಯೆಂದು ಗೊತ್ತು, ಮುಟ್ಟಿದರೆ ಗೊತ್ತಾಗುವುದಿಲ್ಲ. ಅವರ ಅಂಗಡಿಗೆ ಹೋಗಿ ಬೀಗಗಳನ್ನೆಲ್ಲ ಡಬ್ಬಿಗೆ ತುಂಬಿ ಬಂದೆ. ಅವರು ಕೊನೆಯ ದಿನ ಕುಳಿತಲ್ಲೇ ಒರಗಿದ ಸ್ಟೂಲನ್ನು ಪಕ್ಕದ ಅಂಗಡಿಯವರಿಗೆ ಕೊಟ್ಟೆ. ಅಂಗಿಗಳನ್ನು ಮಡಿಸಿಟ್ಟೆ. ಪ್ರತಿಯೊಂದು ಕೆಲಸಕ್ಕೂ ಮೊದಲು, ಈಗ ಬರುತ್ತದೆ ಎಂದು ಕಾಯುತ್ತಿದ್ದೆ. ಕೆಲಸ ಮುಗಿಯುತ್ತಿತ್ತು, ಕೈ ತೊಳೆದುಕೊಳ್ಳುತ್ತಿದ್ದೆ.

ಪಾಕದ ವಿಷಯವೂ ಹೇಳಿಬಿಡುತ್ತೇನೆ. ನಿಂಬೆ, ಮೆಣಸು ಎರಡೂ ಈ ರೋಗಕ್ಕೆ ಆಗದು. ಅದೂ ಮಲಗುವ ಮುಂಚೆ ಕುಡಿದರೆ ಮುಗಿದೇಹೋಯಿತು. ನನಗೆ ಮೊದಲ ದಿನದಿಂದ ಗೊತ್ತಿತ್ತು. ಆದರೂ ಕುಡಿದೆ. ಕಳಿಸಬೇಡಿ ಎಂದರೆ ಯಾಕೆ ಎನ್ನುತ್ತೀರಿ, ಯಾಕೆ ಎಂದರೆ ಇದನ್ನೆಲ್ಲ ಹೇಳಬೇಕಾಗುತ್ತದೆ. ಸುಮ್ಮನೆ ಕುಡಿಯುವುದೇ ಸುಲಭವೆನಿಸಿತು. ಕೊನೆಯ ಬಾಟಲಿಯನ್ನು ತೆರೆದಿಲ್ಲ.

ನಿಮ್ಮ ಬೀದಿಯವರು ನನ್ನನ್ನು ಹೊಗಳುವುದು ನನಗೆ ಸಲ್ಲದು. ನೀವು ಯಾರ ಹತ್ತಿರ ಇರಬೇಕೆಂದು ಹೊರಟಿದ್ದೀರೋ ಅವಳು ಇಲ್ಲಿಲ್ಲ. ಇಲ್ಲಿರುವುದು ನಾನು. ಇದನ್ನು ತಿಳಿದೂ ಬರುವಿರಾದರೆ ಕಿಟಕಿಯ ಪಕ್ಕದ ಜಾಗ ಖಾಲಿ ಮಾಡಿಡುತ್ತೇನೆ.

ನಿಮ್ಮ ಸೊಸೆ


ಏಪ್ರಿಲ್ ೩೦

ಬಾಟಲಿಗಳನ್ನು ತೊಳೆದು ಕಳಿಸು. ಮುಚ್ಚಳ ಸಮೇತ.

ನಿನ್ನ ಗಂಡನ ತಾಯಿ


ಮೇ ೨೧

ಅತ್ತೆ,

ನಾಲ್ಕು ಬಾಟಲಿಗಳನ್ನೂ ತೊಳೆದು ಒಣಗಿಸಿ ಕಳಿಸಿದ್ದೇನೆ. ತೆರೆಯದ ಬಾಟಲಿಯ ಪಾಕವನ್ನು ಚೆಲ್ಲಲು ಮನಸ್ಸಾಗದೆ ಗಾರೆ ಕೆಲಸದವರ ಮನೆಗೆ ಕೊಟ್ಟೆ. ಅವರ ತಾಯಿಗೆ ನೆಗಡಿಯಿತ್ತು. ಬಹಳ ಚೆನ್ನಾಗಿದೆ, ಯಾರು ಮಾಡಿದ್ದು ಎಂದು ಕೇಳಿದರಂತೆ. ಒಂದು ಮುಚ್ಚಳ ಸಿಗಲಿಲ್ಲ, ಬೇರೆಯದ್ದು ಹಾಕಿದ್ದೇನೆ.

ನೀವು ಕೇಳಿಲ್ಲ, ಆದರೂ ಬರೆಯುತ್ತೇನೆ. ಗಂಟಲು ಸ್ವಲ್ಪ ಬಿಡುತ್ತಿದೆ. ಬೆಳಿಗ್ಗೆ ಏಳುವಾಗ ಇರುತ್ತಿದ್ದ ಕಹಿ ಈಗಿಲ್ಲ. ಡಾಕ್ಟರು ಈ ಸಲ ಪರದೆ ನೋಡಿ ಪರವಾಗಿಲ್ಲ ಎಂದರು. ಮೊದಲು ಹೇಗಿತ್ತು ನಿಮ್ಮ ದಿನಚರಿ ಎಂದು ಕೇಳಿದರು. ಬೆಳಕು ಹರಿಯುವ ಮೊದಲೇ ಮಾರುಕಟ್ಟೆಗೆ ಹೋಗುತ್ತೇನೆ, ಹರಾಜು ಮುಗಿಸಿ ಮನೆಗೆ ಬಂದು ಹಸಿದ ಹೊಟ್ಟೆಗೆ ಸಿಕ್ಕಿದ್ದನ್ನೆಲ್ಲ ತಿಂದು ಮಲಗಿಬಿಡುತ್ತಿದ್ದೆ ಎಂದೆ. ಯಾವಾಗಿನಿಂದ ಎಂದರು. ಯೋಚಿಸಿ ನೋಡಿದೆ. ನಿಮ್ಮ ಮಗ ಇದ್ದಾಗ ಮಧ್ಯಾಹ್ನ ಅಂಗಡಿ ಮುಚ್ಚಿ ಊಟಕ್ಕೆ ಬರುತ್ತಿದ್ದರು. ತಟ್ಟೆ ಎತ್ತಿದ ಮೇಲೂ ಏನಾದರೊಂದು ಹೇಳುತ್ತಾ ಕೂರುತ್ತಿದ್ದರು. ಯಾರ ಮನೆಯ ಬೀಗ ಕೈಕೊಟ್ಟಿತು, ಯಾರು ಕೀಲಿಯನ್ನು ಒಳಗೇ ಬಿಟ್ಟು ಬಾಗಿಲು ಎಳೆದುಕೊಂಡರು. ನನಗೆ ಕಣ್ಣು ಎಳೆಯುತ್ತಿತ್ತು, ಮಲಗಲು ಬಿಡುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಅಂಗಡಿಯ ಕೆಲಸ ಹೆಚ್ಚಾಗಿ ಊಟವನ್ನು ಅಲ್ಲಿಗೇ ತರಿಸಿಕೊಳ್ಳಲು ಶುರುಮಾಡಿದರು. ಗಂಟಲು ಹಿಡಿದದ್ದು ಆಗ. ನವೆಂಬರಿನ ಮೇಲೆ ಪೂರ್ತಿ ಹೋಯಿತು.

ಡಾಕ್ಟರಿಗೆ ಇಷ್ಟೆಲ್ಲ ಹೇಳಲಿಲ್ಲ. ಸ್ವಲ್ಪ ದಿನದಿಂದ ಎಂದೆ. ಅವರು ಬರೆದುಕೊಂಡರು.

ಕಿಟಕಿಯ ಪಕ್ಕದ ಜಾಗ ಖಾಲಿ ಇದೆ.

ನಿಮ್ಮ ಸೊಸೆ


ಸೆಪ್ಟೆಂಬರ್ ೩

ಸೊಸೆಗೆ,

ಬಾಟಲಿಗಳು ತಲುಪಿ ಬಹಳ ದಿನಗಳಾದವು. ನೀನು ಹಾಕಿದ ಬೇರೆ ಮುಚ್ಚಳ ಕೂರುವುದೇ ಇಲ್ಲ, ಸೋರುತ್ತದೆ.

ನಿನ್ನ ಮೇಲೆ ನನಗೆ ಬಹಳ ಸಿಟ್ಟು ಬಂದಿತ್ತು. ಬೇಸ್ತು ಬಿದ್ದೆ ಅನ್ನಿಸಿತು. ಬೀದಿಯವರಿಗೆಲ್ಲ ಹೇಳಿಕೊಂಡು ತಿರುಗಿದ್ದೆ. ಅಳತೆ ಕೊಡಲು ಬಂದವರು ಸೊಸೆಯ ಗಂಟಲು ಹೇಗಿದೆ ಎಂದು ಕೇಳಿದರೆ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಕೇಳಿಸದವಳ ಹಾಗೆ ಇದ್ದುಬಿಡುತ್ತಿದ್ದೆ. ಕಿವುಡಿಯಾಗಿರುವುದರಿಂದ ಅಷ್ಟಾದರೂ ಉಪಯೋಗವಾಯಿತು. ನಿನ್ನ ನಾದಿನಿ, ಅತ್ತಿಗೆಗೆ ಒಂದು ಸಾಲು ಬರೆಯಮ್ಮ ಎಂದು ಎಷ್ಟೋ ಸಲ ಹೇಳಿದಳು. ಅದೂ ಕೇಳಿಸಲಿಲ್ಲ.

ಸಿಟ್ಟು ಇಳಿಯುತ್ತಾ ಬಂದ ಹಾಗೆ ನನಗೆ ಭಯವಾಗತೊಡಗಿತು. ಯಾಕೆ ಎಂದು ಹೇಳುತ್ತೇನೆ. ನಾನೂ ಅತ್ತಿಲ್ಲ. ಹೆತ್ತ ಮಗ. ಅವನು ತೀರಿಕೊಂಡ ವಾರವೇ ಇಲ್ಲಿಗೆ ವಾಪಸು ಬಂದು ಮಿಶನ್ ತುಳಿದೆ, ಹಿಡಿದ ಕೆಲಸ ಮುಗಿಸಿ ಕೊಟ್ಟೆ, ಕಾಜಾ ಹೊಲಿದೆ. ಅಳು ಬಾರದಿದ್ದರೂ ನನಗೆ ಧೈರ್ಯವಿತ್ತು, ಅಲ್ಲಿ ಸೊಸೆ ಅಳುತ್ತಿದ್ದಾಳಲ್ಲ ಎಂದು. ಮನೆಯಲ್ಲಿ ಒಬ್ಬರು ಒಲೆ ಹಚ್ಚಿದರೆ ಇನ್ನೊಬ್ಬರು ಬೇರೆ ಕೆಲಸ ನೋಡಿಕೊಳ್ಳುವುದಿಲ್ಲವೇ, ಹಾಗೆ. ನಿನ್ನ ಕಾಗದ ಬಂದ ಮೇಲೆ ಗೊತ್ತಾಯಿತು, ಅವನಿಗಾಗಿ ಯಾರೂ ಅತ್ತಿಲ್ಲ. ಅಷ್ಟು ಒಳ್ಳೆಯ ಹುಡುಗನಿಗೆ ಒಬ್ಬರೂ ಇಲ್ಲ. ಬಾಟಲಿ ಕಳಿಸು ಎಂದು ಬರೆದದ್ದು ಅದಕ್ಕೆ, ಬೇರೇನು ಬರೆಯಬೇಕೆಂದು ತೋಚಲಿಲ್ಲ.

ಯಾಕೆ ಅಳು ಬರುತ್ತಿಲ್ಲವೆಂದು ನನಗೆ ಗೊತ್ತು. ನಿನ್ನದು ನನಗೆ ಗೊತ್ತಿಲ್ಲ, ನನ್ನದು ಗೊತ್ತು. ಅವತ್ತು ಬೆಳಿಗ್ಗೆ ಅವನು ಫೋನು ಮಾಡಿದ್ದ. ಏನೋ ಹೇಳಿದ. ನನಗೆ ಒಂದಕ್ಷರ ತಿಳಿಯಲಿಲ್ಲ. ಮತ್ತೆ ಹೇಳು ಎಂದರೆ ಬೇಜಾರು ಮಾಡಿಕೊಳ್ಳುತ್ತಾನೆಂದು ಹೂಂ ಹೂಂ ಅಂದೆ. ವರ್ಷಗಳಿಂದ ಎಲ್ಲರಿಗೂ ಹಾಗೇ ಅನ್ನುತ್ತಾ ಬಂದಿದ್ದೇನೆ, ಕಿವಿಗೆ ಯಂತ್ರ ಹಾಕಿಸು ಎಂದವರಿಗೂ ಹೂಂ ಅಂದಿದ್ದೇನೆ. ಅವನು ಏನೋ ಇನ್ನೊಮ್ಮೆ ಹೇಳಿದ, ನಾನು ಒಳ್ಳೆಯದಾಗಲಿ ಅಂದೆ, ಇಟ್ಟುಬಿಟ್ಟ. ಸಂಜೆ ಸುದ್ದಿ ಬಂತು.

ಮಗ ಕೊನೆಯದಾಗಿ ಏನು ಹೇಳಿದ ಎಂದು ತಿಳಿಯದವಳು ಏನೆಂದು ಅಳಬೇಕು? ಮೈಯಲ್ಲಿ ಹುಷಾರಿಲ್ಲ ಎಂದಿದ್ದನೋ, ಏನಾದರೂ ಬೇಕಿತ್ತೋ. ಏನೇ ಆಗಿದ್ದರೂ ನಾನು ಹೂಂ ಅಂದಿದ್ದೇನೆ. ಸೂಜಿಗೆ ದಾರ ಪೋಣಿಸುವಾಗ ಕೂಡ ಇದೇ ಯೋಚನೆ. ನೀನು ಆಗ ಮನೆಯಲ್ಲಿದ್ದೆಯೋ ಇಲ್ಲವೋ ಗೊತ್ತಿಲ್ಲ. ಇದ್ದಿದ್ದರೆ, ನಿನ್ನ ಕಿವಿಗೆ ಬಿದ್ದಿದ್ದರೆ, ಬರೆ. ಕೆಟ್ಟದ್ದಾದರೂ ಬರೆ. ಅಳಲಿಲ್ಲ ಎಂದು ಬರೆಯುವ ಧೈರ್ಯ ನಿನಗಿದೆ, ಇದನ್ನೂ ಬರೆಯುತ್ತೀಯ ಎಂದು ನಂಬಿದ್ದೇನೆ.

ಗಂಟಲು ಹೇಗಿದೆ?

ಅತ್ತೆ


ಸೆಪ್ಟೆಂಬರ್ ೧೦

ಅತ್ತೆ,

ನಿಮ್ಮ ಕಾಗದ ನಿನ್ನೆ ಬಂತು. ನಾನು ಮನೆಯಲ್ಲಿದ್ದೆ. ಎಲ್ಲವೂ ಕೇಳಿಸಿತು. ನನಗೆ ಮಾತ್ರವಲ್ಲ, ನಿಮಗೆ ಕೇಳಲೆಂದು ಅವರು ಕೂಗುತ್ತಿದ್ದ ರಭಸಕ್ಕೆ ಮೇಲಿನ ಮನೆಯವರು ಕಿಟಕಿ ಹಾಕಿಕೊಂಡರು.

ಅವತ್ತು ಮಾರುಕಟ್ಟೆಗೆ ರಜೆ. ಇಬ್ಬರೂ ಅಡುಗೆಮನೆಯಲ್ಲಿದ್ದೆವು. ನಾನು ಬೀನ್ಸ್ ನಾರು ತೆಗೆಯುತ್ತಿದ್ದೆ. ಅವರು ಫೋನನ್ನು ಬಾಯಿಯ ಮುಂದೆ ಹಿಡಿದುಕೊಂಡು ಅತ್ತಿತ್ತ ಓಡಾಡುತ್ತಿದ್ದರು. ಅವರಿಗೆ ಹುಷಾರಿಲ್ಲದ ಮಾತೇ ಬರಲಿಲ್ಲ. ಚೆನ್ನಾಗಿಯೇ ಇದ್ದರು, ಅಥವಾ ಹಾಗೆಂದು ಅವರಿಗೂ ಅನ್ನಿಸಿತ್ತು. ಅವರು ಹೇಳಿದ್ದು ಇಷ್ಟು: "ಅಮ್ಮಾ, ಅಲ್ಲಿದ್ದು ಸಾಕು. ಮಿಶನ್ ಎತ್ಕೊಂಡು ಇಲ್ಲಿಗೇ ಬಂದ್ಬಿಡು. ನಮ್ಮ ಜತೇಲೇ ಇರು."

ನೀವು ಹೂಂ ಹೂಂ ಅಂದಿರಿ. ಅವರಿಗೆ ನಂಬಿಕೆಯಾಗಲಿಲ್ಲ. ನಿಜವಾಗಿಯೂ ಬರುತ್ತೀಯಾ ಎಂದು ಇನ್ನೊಮ್ಮೆ ಕೂಗಿದರು. ನೀವು ಮತ್ತೆ ಹೂಂ ಅಂದು, ಒಳ್ಳೆಯದಾಗಲಿ ಎಂದಿರಿ. ಅವರು ಫೋನು ಮೇಜಿನ ಮೇಲಿಟ್ಟು ನನ್ನ ಕಡೆ ತಿರುಗಿ ನಗತೊಡಗಿದರು. "ಅಮ್ಮ ಒಪ್ಪಿಬಿಟ್ಳು ಕಣೇ. ಏನು ಕೇಳಿಸ್ಕೊಂಡು ಒಪ್ಪಿದ್ಳೋ." ಒಂದು ವೇಳೆ ಅತ್ತೆಗೆ ಕೇಳಿಸಿರದಿದ್ದರೆ ಎಂದೆ. ಹೂಂ ಅಂದ ಮೇಲೆ ಆಯಿತಲ್ಲ, ಮುಂದಿನ ತಿಂಗಳು ಹೋಗಿ ಕರೆದುಕೊಂಡು ಬರುತ್ತೇನೆ, ಮಿಶನ್ನಿಗೆ ಒಂದು ಗಾಡಿ ಮಾಡಬೇಕು ಎಂದರು. ಬಟ್ಟಲಿನಿಂದ ಒಂದು ಹಸಿ ಬೀನ್ಸ್ ಎತ್ತಿ ಬಾಯಿಗೆ ಹಾಕಿಕೊಂಡು ಅಂಗಡಿಗೆ ಹೋದರು. ಖುಷಿಯಾಗಿದ್ದರು. ಮೆಟ್ಟಿಲು ಇಳಿಯುವಾಗಲೂ ನಗುತ್ತಿದ್ದರು.

ಇದನ್ನು ನಿಮಗೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತೀರಿ. ಕರೆದವರೇ ಹೋದ ಮೇಲೆ ಕರೆಯೂ ಹೋಯಿತು ಎಂದುಕೊಂಡಿದ್ದೆ. ನಿಮಗೆ ಕೇಳಿಸಿಲ್ಲ ಎಂದು ಖಾತ್ರಿಯೂ ಇರಲಿಲ್ಲ. ಏಪ್ರಿಲಿನಲ್ಲಿ ನೀವು ಮಿಶನ್ ತರುತ್ತೇನೆಂದು ಬರೆದಾಗ ಕೇಳಿಸಿಯೇ ಇತ್ತು ಎಂದು ತಿಳಿದೆ. ಆದರೂ ನಿಮ್ಮ ಮಗನ ಮಾತನ್ನು ಮುಂದೆ ಇಟ್ಟುಕೊಂಡು ನಿಮ್ಮನ್ನು ಕರೆಸಿಕೊಳ್ಳಲು ಸಂಕೋಚವಾಯಿತು. ಅತ್ತಿಲ್ಲದವಳಿಗೆ ಆ ಹಕ್ಕಿಲ್ಲ ಅನ್ನಿಸಿತು. ಈಗ ಹಾಗೆ ಅನ್ನಿಸುತ್ತಿಲ್ಲ.

ಇದನ್ನು ಬರೆಯುವಾಗಲೂ ನನಗೆ ಅಳು ಬಂದಿಲ್ಲ. ನಿಮಗೆ ಬಂದರೆ ಅತ್ತುಬಿಡಿ. ಬಾರದಿದ್ದರೆ ಹಾಗೇ ಹೊರಟು ಬನ್ನಿ. ಗಂಟಲು ಬಹುಪಾಲು ವಾಸಿಯಾಗಿದೆ, ಮಾತ್ರೆ ಕಡಿಮೆ ಮಾಡಿದ್ದಾರೆ, ಪಥ್ಯ ಮುಂದುವರಿಸಬೇಕು. ಹೋದ ಸೋಮವಾರದಿಂದ ನನ್ನ ಸಾಲನ್ನು ನಾನೇ ಕೂಗುತ್ತಿದ್ದೇನೆ. ಮಿಶನ್ನಿಗೆ ಇಲ್ಲಿಂದಲೇ ಗಾಡಿ ಕಳಿಸಲು ಮಾರುಕಟ್ಟೆಯ ಒಬ್ಬರು ಒಪ್ಪಿದ್ದಾರೆ, ಯಾವ ದಿನ ಎಂದು ನೀವೇ ಹೇಳಿ.

ನಿಮಗೆ ತಿಳಿಯದೆ ಅಂದದ್ದಾದರೂ, ನೀವು ಹೂಂ ಅಂದಿದ್ದೀರಿ, ಅತ್ತೆ. ಅವರು ಅದನ್ನು ಕೇಳಿಸಿಕೊಂಡೇ ಹೋದರು.

ನಿಮ್ಮ ಸೊಸೆ